ಕಡೇ ಸೀಟಿನ ವಿಮಾನ

ಬಸ್ಸು ಹಾರಿ ಬಿತ್ತು. ಕಡೇ ಸೀಟಿನಲ್ಲಿದ್ದ ಓಂಪ್ರಕಾಶ ತಾನು ಗೇಣುದ್ದ ಮೇಲೆದ್ದರೂ ತೊಡೆಯ ಮೇಲಿನ ಮೊಬೈಲನ್ನು ಅಲುಗಾಡಲು ಬಿಡಲಿಲ್ಲ. ಕೆಳಗೆ ಮಡಚಿದ ಶಾಲು, ಮೇಲೆ ಅವನ ಅಂಗೈ. ನಿದ್ದೆ ಹೋದ ಕೂಸನ್ನು ಹಿಡಿದ ಹಾಗೆ.

ಮೊಬೈಲಿನ ಒಡತಿ ಮಹಾಮಾಯಾ ನಡುವಿನ ಸೀಟಿನಿಂದ ತಿರುಗಿ ನೋಡಿದ್ದು ಆಗಲೇ. ಮುಂದಿನ ಸೀಟಿನ ಮರೆಯಲ್ಲಿ ಇಷ್ಟು ದಿನ ಕಾಣದ್ದು ಈಗ ಕಂಡಿತು.

“ಅದು ನಿಮ್ಮ ಕೈಯಾಗ ಯಾಕ ಅದರಿ?”

“ಸೀಟಿಗೆ ಹಚ್ಚಿದ ಟೇಪ್ ಬಿಚ್ಚತದ್ರಿ ಮೇಡಂ. ಬಿದ್ದು ಒಡೀತದಂತ…”

ಅವಳು ಕಂಬಿ ಹಿಡಿದು ಹಿಂದೆ ಬಂದಳು. ಹುಬ್ಬಿನಲ್ಲಿ ಕೋಪವಿತ್ತು, ತುಟಿಯ ಒಂದು ಮೂಲೆಯಲ್ಲಿ ನಗು. ಯಾವುದು ಗೆಲ್ಲುತ್ತದೋ ಎಂದು ಓಂಪ್ರಕಾಶ ಉಸಿರು ಬಿಗಿಹಿಡಿದ.

“ದಿನಾ ಹಿಡೀತಿದ್ರೇನು?”

“ಔರಾದಿನಿಂದ ಜನವಾಡ ತನಕ. ಆಮ್ಯಾಲ ಮೊದಲಿನ ಜಾಗಕ್ಕ ಅಂಟಸ್ತಿದ್ದೆ.”

ಮಹಾಮಾಯಾ ಅವನ ಪಕ್ಕ ಕುಸಿದಳು. ಗಾಳಿಯ ಹೊಡೆತ ವಿಮಾನವನ್ನು ಎಷ್ಟು ನಡುಗಿಸುತ್ತದೆ ಎಂದು ಲೆಕ್ಕ ಹಾಕುವುದು ಅವಳ ಸಂಶೋಧನೆ. ವಿಮಾನ ಯಾರು ಕೊಡುತ್ತಾರೆ? ಔರಾದ್ ಬಸ್ಸು ಹಿಡಿದಿದ್ದಳು. ಗಾಳಿಯ ಬದಲು ರಸ್ತೆಯ ಗುಂಡಿ, ರೆಕ್ಕೆಯ ಬದಲು ಸ್ಪ್ರಿಂಗು. ಗಣಿತ ಹೆಚ್ಚುಕಡಿಮೆ ಅದೇ. ಕುಲುಕಾಟ ಅಳೆಯಲು ಬಸ್ಸಿನ ನಡುವೆ ಒಂದು ಮೊಬೈಲ್, ಬಾಲದಂತಿದ್ದ ಕಡೇ ಸೀಟಿನಲ್ಲಿ ಒಂದು. ಬಾಲವೇ ಹೆಚ್ಚು ನಡುಗಬೇಕು ಎನ್ನುತ್ತಿತ್ತು ಸಮೀಕರಣ. ಮೊಬೈಲ್ ಒಪ್ಪುತ್ತಿರಲಿಲ್ಲ.

“ಗೈಡ್ ಸರ್ ಗ್ರಾಫ್ ನೋಡಿ, ಭಾಲ್ಕಿ ರೈಲಿನಾಗ ಮಲಗಿ ಬಂದಿಯೇನು ಅಂದ್ರು. ಇವತ್ತೂ ಹೊಂದಲಿಲ್ಲಂದ್ರ ಈ ಮಾಡೆಲ್ ಬಿಟ್ಟೇ ಬಿಡು ಅಂದಾರ. ವಾರಗಟ್ಟಲೆ ಈಕ್ವೇಷನ್ ತಿದ್ದೀನ್ರಿ. ನಡುಕ ಎಲ್ಲಾ ನಿಮ್ಮ ಶಾಲು ನುಂಗಿತ್ತು. ತಿದ್ದಬೇಕಾದವರು ನೀವು ಇದ್ರಿ.”

ಓಂಪ್ರಕಾಶನ ಮುಖ ಸಣ್ಣದಾಯಿತು. ಔರಾದಿನ ಐಟಿಐನಲ್ಲಿ ಫಿಟ್ಟರ್ ಪಾಠ ಹೇಳುವವನು; ಸಂಜೆ ಮೈಲೂರಿನ ಮನೆಗೆ ಇದೇ ಬಸ್ಸು. ಚೀಲದಿಂದ ಕ್ಲಾಂಪು, ಸ್ಪ್ಯಾನರು ತೆಗೆದ. ಮೊಬೈಲನ್ನು ಸೀಟಿನ ಕಬ್ಬಿಣದ ಕಾಲಿಗೆ ಬಿಗಿದ.

“ಸಂತಪುರ ಇನ್ನೂ ಬಂದಿಲ್ರಿ. ಗುಂಡಿ ಭಾಳ ಉಳದಾವ.”

“ಮುಂದ ಸೀಟ್ ಖಾಲಿ ಇರ್ತಾವ. ಸೊಂಟ ಮುರಿಯೋ ಈ ಸೀಟಿನಾಗ ದಿನಾ ಯಾಕ ಕೂಡ್ತೀರಿ?”

ಅವನು ಸ್ಪ್ಯಾನರನ್ನು ಶಾಲಿನಿಂದ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ.

“ಮೊಬೈಲ್ ಅದನೋ ಇಲ್ಲೋ ಅಂತ ನೀವು ಘಡಿಘಡಿ ಹೊಳ್ಳಿ ನೋಡ್ತೀರಿ. ಅದರ ಬಾಜೂಕ ಕೂತ್ರ, ಆ ನೋಟ ಸ್ವಲ್ಪ ನನ್ನ ಮ್ಯಾಲೂ ಬೀಳ್ತದ.”

ಬಸ್ಸು ಮತ್ತೆ ಹಾರಿತು. ಭುಜಕ್ಕೆ ಭುಜ ಬಡಿಯಿತು. ಕ್ಲಾಂಪಿನಲ್ಲಿದ್ದ ಮೊಬೈಲಿನ ಪರದೆಯ ಮೇಲೆ ಗೆರೆ ಚಂಗನೆ ಜಿಗಿಯಿತು. ಮಹಾಮಾಯಾ ಬಗ್ಗಿ ನೋಡಿದಳು. ಏಳುವಾಗ ಅವಳ ಕಿವಿ ಕೆಂಪಾಗಿತ್ತು.

“ಹೊಂದ್ತೇನ್ರಿ?” ಎಂದ ಅವನು.

“ಕೂಡಿ ಬರ್ಲಾಕತ್ತದ.”

ಸಂತಪುರದಲ್ಲಿ ಅರ್ಧ ಬಸ್ಸು ಇಳಿಯಿತು. ಬಿಗಿದ ಮೊಬೈಲ್ ತನ್ನಷ್ಟಕ್ಕೆ ತಾನು ಬರೆದುಕೊಳ್ಳುತ್ತಿತ್ತು, ಕಾಯುವವರು ಬೇಕಿರಲಿಲ್ಲ. ಕಂಡಕ್ಟರ್ ಕಲೀಮ ಮುಂದಿನಿಂದ ಕೂಗಿದ: “ಮೇಡಂ, ಇಲ್ಲಿ ಜೋಡಿ ಸೀಟ್ ಖಾಲಿ ಆತು. ಸರ್‌ಗೂ ಕರ್ಕೊಂಡು ಬರ್ರಿ. ಒಂದೂ ಝಟಕಾ ಹತ್ತಂಗಿಲ್ಲ, ಆರಾಮ ಕೂಡ್ರಿ.”

ಓಂಪ್ರಕಾಶ ಏಳಲು ಹೊರಟ. ಮಹಾಮಾಯಾ ಅವನ ಶಾಲಿನ ತುದಿ ಹಿಡಿದು ಕೂರಿಸಿದಳು.

“ಒಲ್ಲೆವ್ರಿ,” ಎಂದಳು.