ಅತ್ತೆಯ ಪಿಟೀಲು

"ಎಲ್ಲಿ ಪುಟ್ಟಿ, ನಿನ್ನ ಎಡಗೈ ತೋರಿಸು" ಎಂದು ಮೇಲಿನ ಮನೆಯ ನರ್ಸಮ್ಮ ಮಗುವಿನ ಬೆರಳುಗಳನ್ನು ಹಿಡಿದುಕೊಂಡಾಗ ಸೊಸೆಯ ಎದೆ ಧಸಕ್ಕೆಂದಿತು.

ತಪ್ಪು ಅವಳದೇ. ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಆಯಸ್ಸೆಲ್ಲ ಸವೆಸಿದ ಅತ್ತೆ, ಕೆಲಸ ಬಿಟ್ಟ ಮೇಲೆ ಪಿಟೀಲು ಕಲಿಯಲು ಹೊರಟಿದ್ದರು. ಕಮಾನು ತಂತಿಗೆ ತಾಗಿದರೆ ಸಾಕು, ಎಣ್ಣೆ ಕಾಣದ ಬಾಗಿಲಿನ ಸದ್ದು! ರಾತ್ರಿಪಾಳಿ ಮುಗಿಸಿ ಹಗಲು ಮಲಗುವ ನರ್ಸಮ್ಮ ಒಂದು ದಿನ ಕೆಳಗಿಳಿದು ಬಂದು ಅದೇನು ಸದ್ದೆಂದು ಕೇಳಿದಾಗ, ಈ ವಯಸ್ಸಿನಲ್ಲಿ ಅತ್ತೆಗೆ ಹಿಡಿದ ಹುಚ್ಚನ್ನು ಹೇಳಲು ನಾಲಿಗೆ ಬಾರದೆ ಸೊಸೆ, "ನಮ್ಮ ಪುಟ್ಟಿ ಕಲೀತಿದಾಳೆ" ಎಂದುಬಿಟ್ಟಿದ್ದಳು. ಮಗುವಲ್ಲವೇ ಎಂದು ಆಕೆಯೂ ಕಿವಿಗೆ ಹತ್ತಿ ತುರುಕಿಕೊಂಡು ಸಹಿಸಿದ್ದರು. ಇವತ್ತು ಆಕೆಗೆ ರಜೆ. ಕಲಿಯುವ ಮಗುವಿಗೆಂದು ಬಿಸ್ಕತ್ತು ಹಿಡಿದು ಬಂದಿದ್ದರು.

"ಬೆರಳು ಬೆಣ್ಣೆ ಇದ್ದ ಹಾಗಿದೆ. ತಂತಿ ಒತ್ತಿದ ಗುರುತೇ ಇಲ್ವಲ್ಲೇ. ಹಾಗಾದ್ರೆ ದಿನಾ ನನ್ನ ನಿದ್ದೆ ಕೆಡಿಸೋರು ಯಾರು?"

ಮಗು ಅಜ್ಜಿಯ ಮುಖ ನೋಡಿತು. ಪಾತ್ರೆ ಒರೆಸುತ್ತಿದ್ದ ಅತ್ತೆ ಎಡಗೈಯನ್ನು ಬಟ್ಟೆಯೊಳಗೆ ಮುಚ್ಚಿಕೊಂಡರು.

"ಅವಳೇ... ಅವಳಿಗೆ ಸರಿಯಾಗಿ ಒತ್ತೋಕೆ ಬರಲ್ಲ, ಅದಕ್ಕೇ ಹಾಗೆ ಕೇಳಿಸೋದು. ಇನ್ನು ನಿಮಗೆ ತೊಂದರೆ ಇರಲ್ಲಮ್ಮ. ಪಿಟೀಲು ಎತ್ತಿ ಅಟ್ಟಕ್ಕೆ ಹಾಕ್ತೀನಿ" ಎಂದರು ಅತ್ತೆ.

ಸೊಸೆಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ತನ್ನ ಮಾನ ಕಾಯಲು ಆ ಹಿರಿಜೀವ ತನಗಿದ್ದ ಒಂದೇ ಒಂದು ಆಸೆಯನ್ನೂ ಬಿಟ್ಟುಕೊಡುತ್ತಿದೆ... ಅದೂ ಮಗುವಿನ ಎದುರಿಗೆ ಸುಳ್ಳಾಡಿ...

"ಇಲ್ಲ ಅಕ್ಕ, ನಾನು ಸುಳ್ಳು ಹೇಳಿದ್ದೆ. ಕಲೀತಿರೋದು ನಮ್ಮತ್ತೆ. ನನಗೆ ಹೇಳೋಕೆ ನಾಚಿಕೆ ಆಯ್ತು."

ನರ್ಸಮ್ಮ ಮಗುವಿನ ಕೈ ಬಿಟ್ಟು ಎದ್ದರು. "ಮಗೂನ ಮುಂದಿಟ್ಟು ನನ್ನನ್ನ ಮಂಗ ಮಾಡಿದ್ರಲ್ಲ" ಎಂದು ಬಾಗಿಲ ತನಕ ಹೋದವರು ಅತ್ತೆಯತ್ತ ತಿರುಗಿದರು. "ನಾನು ಸಂಜೆ ಹೊತ್ತಿಗೆ ಏಳ್ತೀನಿ ದೊಡ್ಡಮ್ಮ. ಆಮೇಲೆ ಎಷ್ಟು ಬೇಕಾದ್ರೂ ಕುಯ್ಕೊಳ್ಳಿ."

ಆಕೆ ಮೆಟ್ಟಿಲೇರಿದ ಮೇಲೆ ಸೊಸೆ ಮೆಲ್ಲಗೆ ಕೇಳಿದಳು. "ಅತ್ತೆ, ನಾನು ಹಾಗೆ ಹೇಳಿದ್ದು ನಿಮಗೆ ಯಾವಾಗ ಗೊತ್ತಾಯ್ತು?"

"ಅವತ್ತೇ. ಒಳಗೇ ಇದ್ದೆನಲ್ಲಮ್ಮ, ಎಲ್ಲ ಕೇಳಿಸ್ತು. ನನ್ನಿಂದ ನಿಂಗೆ ಅವಮಾನ ಅಂತ ಗೊತ್ತಿದ್ದೂ ಬಿಡೋಕೆ ಮನಸ್ಸು ಬರಲಿಲ್ಲ. ನಂದೂ ತಪ್ಪೇ ಕಣೆ..."

ಅತ್ತೆ ಬಯ್ದಿದ್ದರೆ ಸೊಸೆ ತಡೆದುಕೊಳ್ಳುತ್ತಿದ್ದಳು. ಸಂಜೆಯಾಗುತ್ತಲೇ ಕೋಣೆಯಿಂದ ಪಿಟೀಲು ತಂದು ಅತ್ತೆಯ ಮಡಿಲಲ್ಲಿಟ್ಟಳು.

"ನೀನು ಆಚೆ ಹೋಗು. ನಿನ್ನ ಮುಂದೆ ನುಡಿಸೋಕೆ ನಾಚಿಕೆ."

"ಇಲ್ಲೇ ಇರ್ತೀನಿ ಅತ್ತೆ."

ಕಮಾನು ತಂತಿಗೆ ತಾಗಿತು. ಸ್ವರ ಎಂದಿನಂತೆಯೇ ಕೆಟ್ಟದಾಗಿ ಕಿರುಗುಟ್ಟಿತು. ಸೊಸೆ ತಲೆ ತಗ್ಗಿಸಿಕೊಂಡು, ಎದ್ದುಹೋಗದೆ, ಅಭ್ಯಾಸ ಮುಗಿಯುವ ತನಕ ಕೇಳಿದಳು.