ಗೇಣು ಇಳಿದ ಅಳತೆಕೋಲು

ಬಂದರಿನ ಉಪಕರಣದ ಕೋಣೆಯ ಬೀಗ ಒಡೆದಾಗ ಒಳಗೆ ಸೊಂಟದುದ್ದ ನೀರಿತ್ತು. ಸಮುದ್ರದ ಮಟ್ಟ ಅಳೆಯುವ ಅಳತೆಗಾರ, ಅಂಗಿ ಗೋಡೆಯ ಗೂಟಕ್ಕೆ ಸಿಕ್ಕಿ, ಜೋತುಬಿದ್ದಿದ್ದ. ಉಸಿರಿತ್ತು, ಪ್ರಜ್ಞೆ ಇರಲಿಲ್ಲ. ಬಾಗಿಲ ಒಳಮೈ ತುಂಬ ಉಗುರಿನ ಗೀರು.

ಆಂಬುಲೆನ್ಸ್ ಹೊರಟಿತು. ಇನ್‌ಸ್ಪೆಕ್ಟರ್ ಮೇಡಂ ಒಳಗೇ ನಿಂತರು. ಕಿಟಕಿಯೇ ಇಲ್ಲದ ಕೋಣೆ. ಅವರಿಗೂ ಉಸಿರು ಕಟ್ಟಿತು.

"ಇವನ ಮೇಲೆ ಯಾರಿಗೆ ಸಿಟ್ಟು?"

"ಬಲೆ ಅಂಗಡಿಯವನಿಗೆ," ಅಂದ ಕಾವಲುಗಾರ. "ಸಮುದ್ರ ಎಷ್ಟು ಏರಿದೆ ಅಂತ ದೇಶದ ತುಂಬ ಸಮೀಕ್ಷೆ ನಡೀತಿದೆಯಲ್ಲ? ಇವತ್ತಿನ ದೊಡ್ಡ ಉಬ್ಬರ ಅಪಾಯದ ಗೆರೆ ದಾಟಿದರೆ ನಮ್ಮ ಬೀದಿ ಖಾಲಿ ಮಾಡಿಸಿ, ಬೇರೆ ಕಡೆ ಮನೆ ಕೊಡ್ತಾರೆ. ಅವನು ಜಪ್ಪಯ್ಯ ಅಂದ್ರೂ ಹೋಗಲ್ಲ ಅಂತಾನೆ."

*

"ಬೈದಿದ್ದು ನಿಜ," ಅಂದ ಬಲೆಯವನು. "ಕೂಡಿಹಾಕುವಷ್ಟು ಎದೆ ನನಗೆಲ್ಲಿ ಬರಬೇಕು?"

ಮೇಡಂ ಸಮೀಕ್ಷೆಯ ಅಧಿಕಾರಿಯನ್ನು ಕರೆದುಕೊಂಡು ದೋಣಿ ಕಟ್ಟುವ ಜೆಟ್ಟಿಯ ತುದಿಗೆ ನಡೆದರು. ಅಲ್ಲಿ ಬೀಗ ಹಾಕಿದ ಕಂಬಿಬೋನು. ಒಳಗೆ ಅಳತೆಕೋಲು.

"ಕೋಲನ್ನು ಯಾರೋ ಒಂದು ಗೇಣು ಕೆಳಗಿಳಿಸಿದ್ದಾರೆ," ಅಂದರು ಅಧಿಕಾರಿ. "ಕೋಲು ಇಳಿದರೆ ನೀರು ಏರಿದ ಹಾಗೆ ಕಾಣುತ್ತೆ."

ಮೇಡಂ ಬೋಲ್ಟು ಮುಟ್ಟಿದರು. ಬೆರಳಿಗೆ ಗ್ರೀಸ್ ಅಂಟಿತು.

*

ಅಳತೆಗಾರ ಇದ್ದದ್ದು ಅಕ್ಕನ ಜೊತೆ. ಅಕ್ಕ ದೋಣಿ ಎಂಜಿನ್ ರಿಪೇರಿ ಮಾಡುವವಳು. ಗೋಡೆಯ ಅರ್ಧದವರೆಗೆ ತೇವ ಹತ್ತಿತ್ತು. ಒಳಗೆ ಮಗು ಕೆಮ್ಮುತ್ತಿತ್ತು.

"ನನಗೂ ಮೊದಲು ಬಲೆಯವನ ಮೇಲೇ ಅನುಮಾನ," ಅಂದರು ಮೇಡಂ. "ಆದರೆ ಬೀದಿ ಬಿಡಲ್ಲ ಅನ್ನೋನು ಅಳತೆ ತಗ್ಗಿಸ್ತಾನೆ, ಏರಿಸಲ್ಲ. ಇದು ಇಲ್ಲಿಂದ ಹೊರಗೆ ಹೋಗಬೇಕು ಅನ್ನೋರ ಕೆಲಸ. ಬೋನಿನ ಬೀಗ ಯಾರೂ ಒಡೆದಿಲ್ಲ. ಅದರ ಒಂದು ಕೀ ತಮ್ಮನ ಜೇಬಲ್ಲಿತ್ತು, ಇನ್ನೊಂದು ಈ ಮನೇಲಿದೆ ಅಂತ ಅಧಿಕಾರಿ ಹೇಳಿದರು. ಬೋಲ್ಟಿಗೆ ದೋಣಿ ಎಂಜಿನ್ನಿನ ಗ್ರೀಸ್. ಹೇಳಮ್ಮ."

ಅಕ್ಕ ಗೋಡೆಯ ತೇವ ತೋರಿಸಿದಳು.

"ಈ ಮನೆ ಕೊಳ್ಳೋರಿಲ್ಲ ಮೇಡಂ. ಬಿಟ್ಟು ಹೋಗೋಣ ಅಂದ್ರೆ ತಲೆ ಮೇಲೆ ಸೂರಿಲ್ಲ. ಸರ್ಕಾರ ಎಬ್ಬಿಸಿದರೇನೇ ನಮಗೆ ದಾರಿ. ಕೋಲು ಇಳಿಸಿದ್ದು ತಮ್ಮನಿಗೆ ಗೊತ್ತಾಯ್ತು. ಸರಿ ಮಾಡ್ತೀನಿ ಅಂತ ಸ್ಪ್ಯಾನರ್ ತರೋಕೆ ಆ ಕೋಣೆಗೆ ಹೋದ. ಅಧಿಕಾರಿ ಉಬ್ಬರದ ಅಳತೆಯನ್ನ ರಾಜಧಾನಿಗೆ ಕಳಿಸೋ ತನಕ ಅಂತ ಬೀಗ ಜಡಿದೆ. ಅಲ್ಲಿಗೆ ಯಾವತ್ತೂ ನೀರು ನುಗ್ಗಿರಲಿಲ್ಲ. ಎಂಥ ಉಬ್ಬರಕ್ಕೂ. ನೀರು ಕಂಡು ಓಡಿದೆ. ನೀರಿನ ಸೆಳೆತಕ್ಕೆ ಬಾಗಿಲ ಹತ್ತಿರ ಹೋಗೋಕಾಗಲಿಲ್ಲ, ಕೀ ಕೈ ಜಾರಿ ಹೋಯ್ತು. ಕಾವಲುಗಾರನನ್ನ ಕೂಗಿದ್ದು ನಾನೇ."

"ಕೋಲು ಮುಟ್ಟದಿದ್ದರೂ ಇವತ್ತು ನೀರು ಗೆರೆ ದಾಟುತ್ತಿತ್ತಂತೆ," ಅಂದರು ಮೇಡಂ. "ಕೋಲು ಮುಟ್ಟಿದ್ದರಿಂದ ಈಗ ಇಲ್ಲಿನ ಅಳತೆಯನ್ನ ವರದಿಗೆ ಸೇರಿಸಲ್ಲ. ಬೀದಿಯವರೆಲ್ಲ ಮುಂದಿನ ಸಮೀಕ್ಷೆಗೆ ಕಾಯಬೇಕು."

ಮೇಡಂ ಫೋನು ಬಡಿದುಕೊಂಡಿತು. ಆಸ್ಪತ್ರೆಯಿಂದ.

"ತಮ್ಮನಿಗೆ ಎಚ್ಚರ ಆಯ್ತಂತೆ."

"ನನ್ನ ಬಗ್ಗೆ ಏನಂದ?"

"ಅಕ್ಕನ ಮನೆಗೆ ನೀರು ನುಗ್ಗಿತಾ ಅಂತ ಕೇಳಿದನಂತೆ."

ಅವಳು ಹಿತ್ತಲ ಬೇಲಿಯ ಮೇಲಿಂದ ಮಗುವನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಬಂದಳು. ಮೇಡಂ ಜೊತೆ ಹೊರಡಲು ಬೀದಿ ಬಾಗಿಲು ಎಳೆದರೆ ಅಲ್ಲಾಡಲಿಲ್ಲ. ಉಪ್ಪುನೀರು ಕುಡಿದು ಉಬ್ಬಿತ್ತು. ಇಬ್ಬರೂ ಸೇರಿ ಜಗ್ಗಬೇಕಾಯಿತು.