ಶಾಂತಾದೇವಿಯ ಇಂಗ್ಲಿಷ್ ಪೇಪರು

"ಹ್ಯಾಪಿ. ಇದರ ವಿರುದ್ಧ ಪದ ಹೇಳ್ರಿ."

"ನೀವು ಬಂದಿದ್ದು!"

ಪಾಲಣ್ಣ ಮೇಷ್ಟ್ರ ಕೈಯಲ್ಲಿದ್ದ ಸೀಮೆಸುಣ್ಣ ಅಲ್ಲೇ ನಿಂತಿತು. ಮೊದಲ ದಿನದ ಮೊದಲ ಪ್ರಶ್ನೆಗೇ ಇಂಥ ಉತ್ತರ!

"ನನ್ನ ಬಿಟ್ಟಾಕ್ರಿ. ಪುಸ್ತಕದಾಗೆ ಏನೈತೆ?"

"ಅನ್‌ಹ್ಯಾಪಿ."

"ಗೊತ್ತೈತಲ್ಲ! ಮತ್ತೆ ಹೆಂಗೆ ಫೇಲಾದ್ರಿ?"

ಶಾಂತಾದೇವಿ ತುಟಿ ಕಚ್ಚಿಕೊಂಡು ತಲೆ ತಗ್ಗಿಸಿದಳು. ನಗು ಮಾತ್ರ ತಡೆಯಲಾಗಲಿಲ್ಲ.

ಹೊನ್ನಾಳಿಯ ಬಟ್ಟೆ ಅಂಗಡಿ ಹಾಲೇಶಪ್ಪನ ಮಗಳು ಅವಳು. ಎಸ್ಸೆಸ್ಸೆಲ್ಸಿಯ ಇಂಗ್ಲಿಷ್ ಪೇಪರಿನಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದಳು. ಚನ್ನಗಿರಿಯ ಅಡಿಕೆ ವ್ಯಾಪಾರಿ ಮನೆಯವರು ಹೆಣ್ಣು ನೋಡಿ ಒಪ್ಪಿದ್ದರು, ಆದರೆ ಸೊಸೆ ಎಸ್ಸೆಸ್ಸೆಲ್ಸಿ ಪಾಸಾಗಿರಲೇಬೇಕೆಂದು ಹಟ ಹಿಡಿದಿದ್ದರು. ಅದಕ್ಕೇ ೧೯೭೮ರ ಆಗಸ್ಟಿನಲ್ಲಿ ಹಾಲೇಶಪ್ಪ ಹೈಸ್ಕೂಲಿನ ಟೆಂಪರರಿ ಮೇಷ್ಟ್ರು ಪಾಲಣ್ಣನನ್ನು ಮನೆಪಾಠಕ್ಕೆ ಗೊತ್ತುಮಾಡಿದ್ದ. ಆತ ಜಗಳೂರು ಕಡೆಯವನು, ಬಿಳಿಚೋಡಿನಲ್ಲಿ ಕುರಿ ಸಾಕುವವರ ಮನೆಯಲ್ಲಿ ಹುಟ್ಟಿ ಬಿ.ಎ. ಮಾಡಿಕೊಂಡಿದ್ದ.

ಪಡಸಾಲೆಯಲ್ಲಿ ಪಾಠ. ಬಾಗಿಲಲ್ಲಿ ತಾಯಿ ಪ್ರೇಮಮ್ಮ ಅಕ್ಕಿ ಆರಿಸುತ್ತ ಕಾವಲು.

ಮೇಷ್ಟ್ರು ಹಲಗೆಯ ಮೇಲೆ ಮೂರು ಸಾಲು ಎಳೆದು ಪದ, ಅದರ ವಿರುದ್ಧ ಪದ, ಕನ್ನಡದ ಅರ್ಥ ಬರೆಸುತ್ತಿದ್ದ. ಕೈಂಡ್, ಅನ್‌ಕೈಂಡ್, ದಯೆ ಇಲ್ಲದ. ಹಾನೆಸ್ಟ್, ಡಿಸ್‌ಹಾನೆಸ್ಟ್, ಅಪ್ರಾಮಾಣಿಕ. ದಿನಕ್ಕೆ ಹತ್ತು. ದೀಪಾವಳಿಯ ಹೊತ್ತಿಗೆ ಅವಳಿಗೆ ಎಲ್ಲವೂ ಬಾಯಿಪಾಠ. ಮೇಷ್ಟ್ರು ಎದುರಿಗೆ ಕೂತರೆ ಮಾತ್ರ ಮರೆತವಳಂತೆ ನಟಿಸುತ್ತಿದ್ದಳು!

ಒಂದು ಸಂಜೆ ಆತ ಕೇಳಿದ, "ಪಾಸಿಬಲ್?"

ಅವಳು ಅವನನ್ನೇ ನೋಡಿದಳು. ಆತನೂ ನೋಡಿದ... ಬಹಳ ಹೊತ್ತು.

"ಇಂಪಾಸಿಬಲ್, ಸಾರ್."

ಬಾಗಿಲಲ್ಲಿದ್ದ ತಾಯಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಮೇಷ್ಟ್ರು ನೀರು ಕುಡಿದ ಲೋಟವನ್ನು ಮಾತ್ರ ಆಕೆ ದಿನಾ ಹಿತ್ತಲಲ್ಲಿ ಬೇರೆ ಇಡುತ್ತಿದ್ದಳು. ಆ ಲೋಟ ಯಾಕೆ ಬೇರೆ ಎಂದು ಹುಡುಗಿಗೂ ಮೇಷ್ಟ್ರಿಗೂ ಗೊತ್ತಿತ್ತು.

ಮಾರ್ಚ್ ಬಂತು. ಪರೀಕ್ಷೆಯ ಹಾಲಿನಲ್ಲಿ ಪ್ರಶ್ನೆಪತ್ರಿಕೆ ನೋಡಿದರೆ ಎಲ್ಲವೂ ಬರುವುದೇ!

'ಪಾಸಾದರೆ? ಚನ್ನಗಿರಿಗೆ ಸೊಸೆ. ಸಾರ್ ಇನ್ನು ಬರುವುದೇ ಇಲ್ಲ... ಫೇಲಾದರೆ? ಅಕ್ಟೋಬರಿನವರೆಗೆ ಮತ್ತೆ ಪಾಠ!'

ಹುಡುಗಿ ಒಂದೊಂದನ್ನೂ ಬೇಕೆಂದೇ ತಪ್ಪು ಬರೆದಳು. ಬರೆದು ಕುಣಿಯುತ್ತ ಮನೆಗೆ ಬಂದಳು. ಪ್ರೀತಿ ಬಂದಾಗ ಬುದ್ಧಿ ಎಲ್ಲಿ ಹೋಗುತ್ತದೋ ದೇವರೇ ಬಲ್ಲ.

ರಿಸಲ್ಟ್ ಬಂದ ದಿನ ಹಾಲೇಶಪ್ಪ ಮೇಷ್ಟ್ರನ್ನು ಅಂಗಡಿಗೆ ಕರೆಸಿದ. ಗಿರಾಕಿಗಳ ಎದುರಿಗೇ ಅಂದುಬಿಟ್ಟ, "ಕುರಿ ಕಾಯೋರು ಬಂದು ಇಂಗ್ಲಿಷ್ ಕಲ್ಸಿದ್ರೆ ಇನ್ನೇನಾಗ್ತೈತೆ!"

ಪಾಲಣ್ಣ ಅಂಗಡಿಯ ಮೆಟ್ಟಿಲಿಳಿದು ಹೋದ. ಮರುದಿನ ಕೆಲಸ ಬಿಟ್ಟು ಮೊದಲ ಬಸ್ಸಿಗೇ ಊರು ಬಿಟ್ಟ.

'ಒಂದು ಮಾತೂ ಹೇಳದೆ ಹೋದರಲ್ಲ! ನಾನು ಅವರಿಗೆ ಏನೂ ಅಲ್ಲವೇ?' ಎಂದು ಅತ್ತು ಅತ್ತು ಅವಳ ಕಣ್ಣು ಬಾತವು. ಅಂಗಡಿಯಲ್ಲಿ ನಡೆದದ್ದನ್ನು ತಾಯಿಯ ಬಾಯಿಂದ ಕೇಳಿದ್ದು ಶ್ರಾವಣದಲ್ಲಿ. ಅವತ್ತು ಅವಳಿಗೆ ಅನ್ನ ಸೇರಲಿಲ್ಲ. ತಪ್ಪು ತನ್ನದು, ಅವಮಾನ ಅವರದು!

ಅವರು ಕಲಿಸಿದ್ದು ಸುಳ್ಳಲ್ಲ ಎಂದು ಊರಿಗೆ ತೋರಿಸಲೇಬೇಕಿತ್ತು. ಅಕ್ಟೋಬರಿನಲ್ಲಿ ಒಂದಕ್ಷರ ಬಿಡದೆ ಬರೆದಳು, ಪಾಸಾದಳು. ಪಾಸಾದ ವಾರಕ್ಕೇ ಚನ್ನಗಿರಿಯವರು ಹೂವು ಹಣ್ಣು ಹಿಡಿದು ಬಂದರು. ಮದುವೆ ಗಟ್ಟಿಯಾಯಿತು. ಅವಳನ್ನು ಯಾರೂ ಕೇಳಲಿಲ್ಲ.

ಮದುವೆಗೆ ಮೊದಲು ಮದುಮಗಳನ್ನು ನೆಂಟರು ಊಟಕ್ಕೆ ಕರೆಯುವುದು ಪದ್ಧತಿ. ಜಗಳೂರಿನ ಸೋದರತ್ತೆಯೂ ಕರೆದಳು. ತಾಯಿಯ ಜೊತೆ ಉಂಡು ವಾಪಸು ಹೊರಟಾಗ ಬಸ್ ಸ್ಟ್ಯಾಂಡಿನಲ್ಲಿ ಒಂದು ದನಿ...

"ಬಿಳಿಚೋಡು, ದಾವಣಗೆರೇ! ಹತ್ರೀ, ಹತ್ರೀ!"

ಆ ದನಿ! ಹೆಗಲ ಮೇಲೆ ಟವೆಲ್ಲು, ವಾರದ ಗಡ್ಡ. ಪಾಲಣ್ಣ ಬಸ್ ಏಜೆಂಟನಾಗಿ ಊರ ಹೆಸರು ಕೂಗುತ್ತಿದ್ದ. ಸೀಟು ಹಿಡಿಯಲು ಪ್ರೇಮಮ್ಮ ಆಗಲೇ ಬಸ್ಸು ಹತ್ತಿದ್ದಳು.

"ಸಾರ್..."

ಆತ ತಿರುಗಿದ.

"ಪಾಠ ಯಾಕೆ ಬಿಟ್ರಿ ಸಾರ್?"

"ಒಬ್ಬರನ್ನ ಪಾಸ್ ಮಾಡಿಸಾಕೆ ಆಗ್ಲಿಲ್ಲ. ಇನ್ಯಾವ ಮುಖ ಇಟ್ಕೊಂಡು ಹಲಗೆ ಮುಂದೆ ನಿಲ್ಲಲಿ?"

"ನಂಗೆ ಎಲ್ಲಾ ಬರ್ತಿತ್ತು!" ಅವಳು ಒಂದು ಹೆಜ್ಜೆ ಮುಂದೆ ಬಂದಳು. "ಬೇಕಂತ್ಲೇ ತಪ್ಪು ಬರ್ದೆ. ಪಾಸಾದ್ರೆ ನೀವು ಬರೋದು ನಿಂತೋಗ್ತಿತ್ತಲ್ಲ, ಅದಕ್ಕೆ..."

ಆತ ಬಸ್ಸಿಗೆ ಒರಗಿ ನಿಂತ. ಇಷ್ಟು ದಿನದ ನಾಚಿಕೆ ಅವನ ಕಣ್ಣಿಂದ ಇಳಿಯುತ್ತಿತ್ತು.

"ಎರಡು ತಿಂಗಳ ಪಾಠ ಅದು, ಶಾಂತಾ. ನಾನೂ ಏಳು ತಿಂಗಳು ಎಳ್ದೆ. ನಿನ್ನ ನೋಡಾಕೇ ಎಳ್ದೆ."

ಮೊದಲ ಸಲ 'ನೀನು' ಎಂದಿದ್ದ. ಅವಳ ಕೈಯಲ್ಲಿ ಮದುವೆಯ ಹಸಿರು ಬಳೆ ಇದ್ದವು; ಕೊನೆಯ ಸಲವೂ ಅದೇ ಎಂದು ಇಬ್ಬರಿಗೂ ತಿಳಿದಿತ್ತು.

"ಮದುವೆ ಯಾವಾಗ?"

"ಸೋಮವಾರ. ಅಕ್ಟೋಬರ್‌ದಾಗೆ ಪಾಸಾದೆ, ಸಾರ್."

ಒಳಗಿನಿಂದ ಪ್ರೇಮಮ್ಮ ಕೂಗಿದಳು, "ಏ ಶಾಂತಾ, ಬಾರೇ! ಬಸ್ಸು ಹೊರಡ್ತೈತೆ!"

ಅವಳು ಹತ್ತಿ ಕಿಟಕಿಯ ಪಕ್ಕ ಕೂತಳು. ಬಸ್ಸು ಅಲುಗಿತು. ಆತ ಪಕ್ಕದಲ್ಲೇ ನಡೆಯುತ್ತ, ಯಾರಿಗೂ ಕೇಳದ ಹಾಗೆ ಕೇಳಿದ.

"ಅಕ್ಟೋಬರ್‌ದಾಗೆ ಎಷ್ಟು ಬಂತು?"

"ಎಪ್ಪತ್ತೊಂದು, ಸಾರ್."

"ಎಪ್ಪತ್ತೊಂದಾ!" ಆ ಅಳುವ ಮುಖದಲ್ಲಿ ನಗು ಬಂತು. "ಯಾರು ಹೇಳ್ಕೊಟ್ರು?"

"ನೀವು ಹೋದ್ಮೇಲೆ ಯಾರನ್ನೂ ಕರೀಲಿಲ್ಲ, ಸಾರ್."